ಕಾಟಾ ಅಕ್ಕಾರು ಬರೆದ ದೂರುಗಳು

ಅವರ ಬೀಳ್ಕೊಡುಗೆಯಲ್ಲಿ ನಾನು ಆಡಿದ ಮಾತಿಗೆ ಜೋರು ಚಪ್ಪಾಳೆ ಬಿತ್ತು. ಎಲ್ಲೋ ತಪ್ಪಿದ್ದೇನೆ ಎಂದು ಆಗಲೇ ಅನುಮಾನ ಬಂತು. ಮಸ್ಕಿಯ ಕಚೇರಿಯೊಂದರಲ್ಲಿ ಬಹಳ ವರ್ಷ ಬೆರಳಚ್ಚುಗಾರ್ತಿಯಾಗಿದ್ದು ನಿವೃತ್ತರಾದವರು ಅವರು. ಆ ಕೆಲಸಕ್ಕೂ ಮೊದಲು ಸಿಂಧನೂರಿನ ಅಕ್ಕಿ ಗಿರಣಿಯ ತೂಕದ ಕಾಟಾದಲ್ಲಿ ಕೂತಿದ್ದ ದಿನಗಳನ್ನು ಬಲ್ಲವನೆಂದು ನನ್ನನ್ನೂ ಕರೆದಿದ್ದರು. ಎರಡು ಮಾತು ಹೇಳಿ ಅಂದರು. ಹೇಳಿದೆ: ಕಂಪ್ಯೂಟರ್ ತಪ್ಪು ತೂಕ ಕೊಡುತ್ತಿತ್ತು, ಇವರು ಒಂದೇ ನೋಟಕ್ಕೆ ಅದನ್ನು ಹಿಡಿದರು, ದೊಡ್ಡ ಕಂಪನಿ ತಲೆಬಾಗಿತು. ಎಲ್ಲಿಯೂ ತೊಡಕಿಲ್ಲದೆ ಜಾರಿಹೋಗುವ ಕಥೆ.

ಊಟದ ಸಾಲಿನಲ್ಲಿ ಅವರು ತಟ್ಟೆ ಹಿಡಿದು ನನ್ನ ಪಕ್ಕ ಬಂದು ನಿಂತರು.

"ಹಂಗ ಆಗಿದ್ದಿಲ್ಲಲ್ರಿ, ಸಾಹೇಬ್ರ."

"ಮತ್ತ ಹ್ಯಾಂಗ ಆಗಿತ್ತು ಅಕ್ಕಾರ?"

"ನನ್ನ್ಯಾಕ ಕೇಳ್ತೀರಿ? ಏನ್ ಮಾಡಿದ್ರಿ, ಏನ್ ಬರಬೇಕಿತ್ತು, ಏನ್ ಬಂತು. ಅಷ್ಟ ಬರೀರಿ. ಯಾಕ ಆತು ಅನ್ನೂದು ಆಮ್ಯಾಲೆ ನೋಡೂಣು."

ಇಷ್ಟು ಹೇಳಿ ಬದನೆಕಾಯಿ ಪಲ್ಯ ಹಾಕಿಸಿಕೊಂಡು ಮುಂದೆ ಹೋದರು. ಅವರ ಮಾತಿನಂತೆ ಬರೆಯಲು ಕೂತಿದ್ದೇನೆ. ಎಲ್ಲಿ ನೆನಪು ತೀರ ಚೊಕ್ಕಟವಾಗಿ ಬರುತ್ತದೋ ಅಲ್ಲಿ ನಿಲ್ಲುತ್ತೇನೆ.

ಮೊದಲ ಸಲ ಕಂಡಾಗ ಅವರು ಹಸಿರು ಸೀರೆ ಉಟ್ಟಿದ್ದರು ಎಂದು ಬರೆದು, ಹೊಡೆದುಹಾಕಿದೆ. ಅವರ ಸೀರೆಯ ಬಣ್ಣ ನನಗೆ ನೆನಪಿಲ್ಲ. ಹಸಿರು ಬಂದದ್ದು ಆಗಿನ ಕಂಪ್ಯೂಟರ್ ಪರದೆಯ ಅಕ್ಷರಗಳಿಂದ ಇರಬೇಕು. ನೆನಪಿರುವುದು ಕೈಗಳು. ಹತ್ತೂ ಬೆರಳು ಕೆಲಸಕ್ಕೆ ಬೀಳುತ್ತಿದ್ದವು, ಕಣ್ಣು ಮಾತ್ರ ಕಿಟಕಿಯಾಚೆಯ ಗಾಡಿಯ ಮೇಲೆ. ಲಿಂಗಸುಗೂರಿನ ಟೈಪಿಂಗ್ ಶಾಲೆಯಲ್ಲಿ ಮೇಷ್ಟ್ರು ಕೀಲಿಗಳ ಮೇಲೆ ಬಟ್ಟೆ ಮುಚ್ಚಿ ಕಲಿಸಿದ್ದರಂತೆ. ತಂದೆ ಅಲ್ಲಿನ ಕಚೇರಿಯಲ್ಲಿ ಜವಾನರು. ಮಸ್ಕಿಯ ಮನೆಯಲ್ಲಿ ದೇವರ ಗೂಡಿನ ಜಾಗದಲ್ಲಿ ಬುದ್ಧನ ಪಟ. ಮನೆಯಲ್ಲಿ ಮೊದಲು ಸಂಬಳದ ಕೆಲಸಕ್ಕೆ ಹೊರಟ ಹೆಣ್ಣುಮಗಳು ಅವರೇ. ದಿನಾ ಮಸ್ಕಿಯಿಂದ ಸಿಂಧನೂರಿಗೆ ಬಸ್ಸು.

ನಾನು ಆಗ ಆ ಕಾಟಾ ಮಾಡುವ ಕಂಪನಿಯ ಸರ್ವಿಸ್ ಇಂಜಿನಿಯರ್. ಲಿಂಗಸುಗೂರಿನಲ್ಲಿ ಬಾಡಿಗೆ ಕೋಣೆ, ಒಂದು ಮೋಟಾರ್ ಸೈಕಲ್ಲು, ಒಂದು ಚರ್ಮದ ಚೀಲ. ಲಿಂಗಸುಗೂರು, ಮಸ್ಕಿ, ಸಿಂಧನೂರು, ಮೂರೂ ಕಡೆಯ ಕಾಟಾ ನನ್ನ ಸುಪರ್ದಿಗೆ. ಕಾಟಾ ಎಂದರೆ ರಸ್ತೆಯ ಮಟ್ಟಕ್ಕೆ ಕೂರಿಸಿದ ಉದ್ದನೆಯ ಕಬ್ಬಿಣದ ಹಾಸು. ಲಾರಿ, ಟ್ರ್ಯಾಕ್ಟರು ಮಾಲಿನ ಸಮೇತ ಅದರ ಮೇಲೆ ನಿಂತರೆ ಪಕ್ಕದ ಕೋಣೆಯ ಕಂಪ್ಯೂಟರಿನಲ್ಲಿ ತೂಕ ಮೂಡುತ್ತದೆ. ಮಾಲು ಇಳಿಸಿ ಖಾಲಿ ಗಾಡಿ ಮತ್ತೆ ಹತ್ತಬೇಕು. ತುಂಬಿದ ತೂಕದಲ್ಲಿ ಖಾಲಿ ತೂಕ ಕಳೆದರೆ ಭತ್ತದ ತೂಕ. ನಮ್ಮ ಕಂಪನಿಯ ಹೊಸ ಪ್ರೋಗ್ರಾಮಿನಲ್ಲಿ ಒಂದು ಅನುಕೂಲ ಇತ್ತು: ಒಮ್ಮೆ ಖಾಲಿ ತೂಗಿದ ಗಾಡಿಯ ತೂಕವನ್ನು ಕಂಪ್ಯೂಟರ್ ನೆನಪಿಟ್ಟುಕೊಳ್ಳುತ್ತದೆ. ಅದೇ ಗಾಡಿ ಮತ್ತೆ ಬಂದರೆ ಗಾಡಿಯ ನಂಬರ್ ಒತ್ತಿದರೆ ಸಾಕು. ಖಾಲಿ ಗಾಡಿ ಮತ್ತೆ ಹತ್ತಬೇಕಾಗಿಲ್ಲ. ಸುಗ್ಗಿಯಲ್ಲಿ ಉದ್ದ ಸಾಲು ನಿಲ್ಲುವ ಸಿಂಧನೂರಿನಲ್ಲಿ ಈ ಅನುಕೂಲಕ್ಕೆ ಎಲ್ಲರೂ ಖುಷಿಪಟ್ಟರು.

ಖುಷಿ ಕೆಟ್ಟದ್ದು ಹಿರೇಬೇವಿನಾಳದ ಒಬ್ಬ ಮುದುಕನಿಂದ. ಆ ದಿನ ನಾನು ಅಲ್ಲಿರಲಿಲ್ಲ. ಕೇಳಿದವರಿಂದ ಕೇಳಿದ್ದು. ಆದರೂ ಕಣ್ಣಾರೆ ಕಂಡ ಹಾಗೆ ಅನೇಕ ಸಲ ಹೇಳಿಬಿಟ್ಟಿದ್ದೇನೆ. ಮುದುಕ ಒಂದೇ ದಿನ ಎರಡು ಸಲ ಬಂದಿದ್ದ. ಎರಡು ಸಲವೂ ಅರವತ್ತು ಚೀಲ, ಒಂದೇ ರಾಶಿಯದು, ಒಂದೇ ಕೈ ತುಂಬಿದ್ದು. ಮೊದಲ ಚೀಟಿ ಸರಿಯಾಗಿತ್ತು. ಎರಡನೆಯದರಲ್ಲಿ ಹೆಚ್ಚು ಕಡಿಮೆ ಐದು ಚೀಲದಷ್ಟು ಭತ್ತ ಕಡಿಮೆ.

"ಏನ್ ಬೇ, ಐದು ಚೀಲ ನಿನ್ನ ಪೆಟಿಗಿ ನುಂಗೇತೇನು, ನೀ ನುಂಗೀಯೇನು?"

"ನಿಂದರ್ರಿ ಯಜಮಾನ್ರ, ನೋಡ್ತೀನಿ."

"ಏನ್ ನೋಡ್ತಿ? ನೀ ಯಾರ ಮನೀಕಿ ಅಂತ ನಮಗ ಗೊತ್ತಿಲ್ಲೇನು? ಕಾಟಾದ ಮ್ಯಾಲೆ ಎಂಥವರ್ನ ತಂದು ಕುಂದರ್ಸ್ಯಾರ ನೋಡ್ರಿ!"

ಇದನ್ನು ಅವನು ಸಾಲಿನಲ್ಲಿದ್ದವರೆಲ್ಲ ಕೇಳುವ ಹಾಗೆ ಹೇಳಿದ. ಕೆಲವರು ನಕ್ಕರು. ಖಾಲಿ ಟ್ರ್ಯಾಕ್ಟರನ್ನು ಮತ್ತೆ ಹತ್ತಿಸಿ ಚೀಟಿ ಸರಿಮಾಡಬಹುದಿತ್ತು. ಆದರೆ ಮುದುಕ ಸಿಟ್ಟಿಗೆದ್ದು, ಚೀಟಿ ಜೇಬಿಗಿಟ್ಟುಕೊಂಡು ಊರಿಗೆ ಹೋಗಿಬಿಟ್ಟಿದ್ದ. ಇವರು ನೋಟುಪುಸ್ತಕದ ಒಂದು ಹಾಳೆಯ ಮೇಲೆ ಎರಡು ಗೆರೆ ಎಳೆದು ಮೂರು ಭಾಗ ಮಾಡಿದರು. ನಾನು ಏನು ಮಾಡಿದೆ. ಏನು ಬರಬೇಕಿತ್ತು. ಏನು ಬಂತು. ಆ ಹಾಳೆಯ ನಕಲನ್ನೇ ಪತ್ರವಾಗಿ ಕಂಪನಿಗೆ ಕಳಿಸಿದರು. ಬೈಗುಳದ ವಿಷಯ ಅದರಲ್ಲಿ ಇರಲಿಲ್ಲ. "ಅದು ನಾಕನೇ ಸಾಲಿಗೆ ಬರ್ತದ್ರಿ, ಜಾಗ ಸಾಲಲಿಲ್ಲ" ಎಂದು ಮುಂದೊಮ್ಮೆ ನಕ್ಕಿದ್ದರು.

ಕಂಪನಿಯ ಮೊದಲ ಉತ್ತರ ಅಚ್ಚು ಮಾಡಿಸಿದ ಒಂದು ಹಾಳೆ. ಪತ್ರಕ್ಕೆ ಧನ್ಯವಾದ, ಅರ್ಥಿಂಗ್ ಪರೀಕ್ಷಿಸಿ. ಏನೇ ದೂರು ಬಂದರೂ ಅದೇ ಹಾಳೆ ಹೋಗುತ್ತಿತ್ತು. ಅರ್ಥಿಂಗ್ ಎಂದರೆ ಉಪ್ಪು, ಇದ್ದಿಲು ಹಾಕಿ ತಂತಿ ಹೂತ ನೆಲದ ಗುಂಡಿ. ಒಣಗದ ಹಾಗೆ ಅದಕ್ಕೆ ನೀರು ಹಾಕುತ್ತಿರಬೇಕು. ಇವರು ದಿನಾ ಬೆಳಿಗ್ಗೆ ಬಂದವರೇ ಒಂದು ಕೊಡ ನೀರು ಸುರಿದರು. ಹಮಾಲರಿಗೆ ತಮಾಷೆ.

"ಏನ್ರಿ ಅಕ್ಕಾರ, ಕಂಪ್ಯೂಟರಿನ ಗಿಡ ಹಚ್ಚೀರೇನು?"

"ಹೌದಪ, ಹಣ್ಣು ಬಿಟ್ರ ಮೊದಲ ನಿನಗ ಕೊಡ್ತೀನಿ."

ಹದಿನೈದು ದಿನ ನೀರು ಹಾಕಿ, ಆಮೇಲೆ ಹದಿನೈದು ದಿನ ಹಾಕದೆ ಬಿಟ್ಟು ಎರಡನೆಯ ಪತ್ರ ಬರೆದರು. ನೀರು ಹಾಕಿದಾಗ ಮೂರು ಸಲ ತಪ್ಪು ಬಂದಿದೆ, ಹಾಕದಿದ್ದಾಗಲೂ ಮೂರು ಸಲ. ಆದ್ದರಿಂದ ನಾಳೆಯಿಂದ ನೀರು ಹಾಕುವುದಿಲ್ಲ. ಮುಖ್ಯ ಕಚೇರಿಯಲ್ಲಿ ಆ ಪತ್ರ ಓದಿ ನಕ್ಕರೆಂದು ನನ್ನ ಮ್ಯಾನೇಜರ್ ಹೇಳಿದರು. ನಾನೂ ನಕ್ಕೆ. ಅದರೊಳಗೆ ಒಂದು ಪರೀಕ್ಷೆ ಇದೆ, ನಾವು ಯಾರೂ ಮಾಡದೆ ಬಿಟ್ಟ ಪರೀಕ್ಷೆ, ಎಂದು ಹೊಳೆಯಲಿಲ್ಲ.

ಎರಡನೆಯ ಉತ್ತರ: ಕರೆಂಟು ಹೆಚ್ಚು ಕಡಿಮೆ ಆಗುತ್ತಿರಬಹುದು, ಸ್ಟೆಬಿಲೈಸರ್ ಹಾಕಿಸಿ. ಗಿರಣಿಯ ಸಾಹುಕಾರರು ಗೊಣಗುತ್ತಲೇ ಹಾಕಿಸಿದರು. ತಪ್ಪು ನಿಲ್ಲಲಿಲ್ಲ. ಅದಕ್ಕೆ ಮೂರನೆಯ ಪತ್ರ. ಆಗ ಕಂಪನಿ ನನ್ನನ್ನು ಕಳಿಸಿತು.

ಹೊರಡುವ ಮುಂಚೆಯೇ ಮ್ಯಾನೇಜರ್ ತೀರ್ಮಾನ ಹೇಳಿದ್ದರು. ಮಸ್ಕಿಯಲ್ಲಿ ಇದೇ ಪ್ರೋಗ್ರಾಂ, ತೊಂದರೆ ಇಲ್ಲ. ಲಿಂಗಸುಗೂರಿನಲ್ಲೂ ಇಲ್ಲ. ಸಿಂಧನೂರಿನಲ್ಲಿ ಮಾತ್ರ ಇದೆ ಅಂದರೆ ಅಲ್ಲಿ ಬೇರೆ ಇರುವುದು ಏನು? ಕೂತಿರುವವರು. ಆ ತರ್ಕದಲ್ಲಿ ನನಗೆ ಒಂದು ಬಿರುಕೂ ಕಾಣಲಿಲ್ಲ. ಗಿರಣಿಯ ಲಾರಿಯನ್ನೇ ಹತ್ತಿಸಿ, ಇಳಿಸಿ, ಅದರ ನಂಬರ್ ಒತ್ತಿ ನಾಲ್ಕು ಸಲ ತೂಗಿದೆ. ನಾಲ್ಕು ಸಲವೂ ಸರಿ. ವರದಿಯ ಹಾಳೆ ತೆಗೆದು, ಯಂತ್ರದಲ್ಲಿ ದೋಷ ಕಂಡುಬಂದಿಲ್ಲ, ನಡೆಸುವವರ ತಪ್ಪು ಎಂದು ಇಂಗ್ಲಿಷಿನಲ್ಲಿ ಬರೆದು ಸಹಿಗೆ ಅವರ ಮುಂದೆ ಹಿಡಿದೆ.

ಅವರು ನಿಧಾನ ಓದಿದರು. ಪೆನ್ನು ಮುಟ್ಟಲಿಲ್ಲ.

"ಯಾವ ತಪ್ಪು ಮಾಡೀನ್ರಿ? ಯಾವ ಕೀಲಿ ಒತ್ತೀನಿ, ಯಾವುದು ಒತ್ತಬೇಕಿತ್ತು?"

"ಅದು ಹಂಗಲ್ಲ ಅಕ್ಕಾರ. ಕಾಗದದಾಗ ಏನರೆ ಒಂದು ಬರೀಬೇಕು."

"ಏನರೆ ಒಂದು ಅಂದ್ರ ನಿಮ್ಮ ತಪ್ಪಂತ ಬರೀರಿ. ಅದೂ ಏನರೆ ಒಂದ."

ಸಹಿ ಇಲ್ಲದೆಯೇ ವರದಿ ಕಳಿಸಿದೆ. ಪದ್ಧತಿಯಂತೆ ಒಂದು ಪ್ರತಿ ಸಾಹುಕಾರರಿಗೂ ಹೋಯಿತು. ಸಾಹುಕಾರರು ಕೆಟ್ಟವರಲ್ಲ. ಮುದುಕ ಕೂಗಾಡಿದ ದಿನ ಅವರೇ ಅಡ್ಡ ಬಂದು ಸಮಾಧಾನ ಮಾಡಿದ್ದರಂತೆ. ಆದರೆ ಹಿರೇಬೇವಿನಾಳದ ಭತ್ತ ಬೇರೆ ಗಿರಣಿಗೆ ಹೋಗತೊಡಗಿತ್ತು, ಈಗ ಕಂಪನಿಯೇ ಬರೆದುಕೊಟ್ಟಿತ್ತು. ಇವರನ್ನು ಕರೆದು ಹೇಳಿದರು: "ಅಮಾಸಿ ತನಕ ನೋಡ್ತೀನವ್ವ. ಆಮ್ಯಾಲೆ ಬ್ಯಾರೆದವ್ರು ಬರ್ತಾರ. ನೀ ಮನಸಿಗೆ ಹಚ್ಚಿಕೋಬ್ಯಾಡ." ನನ್ನ ಒಂದು ಸಾಲು ಅವರ ಕೆಲಸವನ್ನು ಅಮಾವಾಸ್ಯೆಯ ತನಕ ಇಳಿಸಿತ್ತು. ಕಳ್ಳಿ ಎಂಬ ಹೆಸರು ಹೊತ್ತು ಬಿಟ್ಟು ಹೋದರೆ ಮತ್ತೆಲ್ಲಿ ಕೆಲಸ ಸಿಗುತ್ತಿತ್ತು? ಈ ಯೋಚನೆ ನನಗೆ ಆಗಲೇ ಬಂತು ಎಂದು ಬರೆಯುವ ಆಸೆ ಇದೆ. ಬರಲಿಲ್ಲ. ಆ ವಾರ ನನ್ನ ತಲೆಯಲ್ಲಿ ಇದ್ದದ್ದು ಮೋಟಾರ್ ಸೈಕಲ್ಲಿನ ಕ್ಲಚ್ಚು.

ಇಲ್ಲಿ ಒಂದು ಬಸ್ಸಿನ ವಿಷಯ ಹೇಳಬೇಕು. ಒಮ್ಮೆ ಗಾಡಿ ಕೆಟ್ಟು ನಾನು ಸಿಂಧನೂರಿನಿಂದ ಅವರ ಜೊತೆಗೇ ಬಸ್ಸಿನಲ್ಲಿ ಬಂದೆ. ಬಲಗಡೆಯ ಒಂದು ಕಿಟಕಿಯ ಗಾಜು ಬ್ರೇಕ್ ಹಾಕಿದಾಗಲೆಲ್ಲ ದಡ್ಡನೆ ಕೆಳಗಿಳಿಯುತ್ತಿತ್ತು. ಜನ ಬೈದರು, ಕಂಡಕ್ಟರ್ ಅವರಿಗೆ ತಿರುಗಿ ಬೈದ. ಇವರು ಚೀಲದಿಂದ ಒಂದು ಕಾರ್ಡು ತೆಗೆದು, ತೊಡೆಯ ಮೇಲಿಟ್ಟುಕೊಂಡು ಬರೆದರು: ಬಸ್ಸಿನ ನಂಬರ್, ಬಲಗಡೆ ನಾಲ್ಕನೆಯ ಕಿಟಕಿ, ಬ್ರೇಕ್ ಹಾಕಿದಾಗ ಗಾಜು ಇಳಿಯುತ್ತದೆ, ಹಾಕದಿದ್ದಾಗ ಇಳಿಯುವುದಿಲ್ಲ. ಡಿಪೋಗೆ ಅಂಚೆ.

"ಇದನ್ನ ಯಾರು ಓದ್ತಾರ ಅಕ್ಕಾರ?"

"ಯಾರರೆ ಒಬ್ಬಾಂವ ಓದ್ತಾನ್ರಿ. ಓದಿದಾಂವಗ ಹುಡುಕೂದು ಹಗೂರ ಆಗ್ಲಿ ಅಂತ ನಾಕನೇ ಕಿಟಕಿ ಅಂತ ಬರದೀನಿ."

ಗಾಜು ದುರಸ್ತಿಯಾಯಿತೋ ಇಲ್ಲವೋ ತಿಳಿಯದು. ಆಯಿತು ಎಂದು ಬೀಳ್ಕೊಡುಗೆಯಲ್ಲಿ ಹೇಳಿದ್ದೆ. ಅವರ ನಂಬಿಕೆಗೆ ಆ ಸುಳ್ಳು ಬೇಕಾಗಿರಲಿಲ್ಲ. ಆ ಕಡೆಯಲ್ಲಿ ಓದುವ ಒಬ್ಬ ಮನುಷ್ಯ ಇದ್ದೇ ಇರುತ್ತಾನೆ ಎಂದೇ ಅವರು ಬರೆಯುತ್ತಿದ್ದರು.

ಅಮಾವಾಸ್ಯೆಗೆ ಎಂಟೋ ಒಂಬತ್ತೋ ದಿನ ಇರುವಾಗ ನನ್ನ ಕೋಣೆಗೂ ಅಂಥದೊಂದು ಕಾರ್ಡು ಬಂತು. "ಸೋಮವಾರ ಹಿರೇಬೇವಿನಾಳದ ಭತ್ತ ಬರುತ್ತದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಕೂಡಲು ಬನ್ನಿ. ಪರೀಕ್ಷೆಗೆ ಲಾರಿ ಬೇಡ." ಬಿಟ್ಟು ಹೋದ ಊರನ್ನು ಸಾಹುಕಾರರು ಹೇಗೋ ಒಪ್ಪಿಸಿ ಮತ್ತೆ ಕರೆಸಿದ್ದರು. ಕಾರ್ಡಿನಲ್ಲಿ ಒಂದು ಬೈಗುಳ ಇದ್ದಿದ್ದರೆ ಹೋಗುತ್ತಿರಲಿಲ್ಲವೇನೋ. ಬೈಗುಳ ಇರಲಿಲ್ಲ. ಹೋದೆ.

ಅವರು ಮೂರು ಸಾಲಿನ ಹಾಳೆಗಳನ್ನೆಲ್ಲ ಮೇಜಿನ ಮೇಲೆ ಹರಡಿದ್ದರು. ತಪ್ಪು ಬಂದ ಹಾಳೆಗಳು ಒಂದು ಕಡೆ.

"ನೋಡ್ರಿ. ಲಾರಿಗಿ ಒಮ್ಮೆನೂ ತಪ್ಪಿಲ್ಲ. ಟ್ರ್ಯಾಕ್ಟರಿಗಿ ಅಷ್ಟ. ಅದರಾಗೂ ಮೊದಲ್ನೇ ಸಲ ತಪ್ಪಿಲ್ಲ, ಎರಡ್ನೇ ಸಲಕ್ಕ ತಪ್ಪತೈತಿ. ಅದರಾಗೂ ಒಂದ ಊರಿನ ಟ್ರ್ಯಾಕ್ಟರ್ ನಾಕೈದು ಕೂಡಿ ಬಂದ ದಿನ."

"ಊರಿಗೂ ಕಂಪ್ಯೂಟರಿಗೂ ಏನ್ ಸಂಬಂಧ ಅಕ್ಕಾರ?"

"ಅದು ನನಗ ಗೊತ್ತಿಲ್ರಿ. ಏನ್ ಆಗೈತಿ ಅಂತ ಹೇಳಾಕತ್ತೀನಿ. ಯಾಕ ಅನ್ನೂದು ನಿಮ್ಮ ಕೆಲಸ."

ಆಗ ನಾನು ಕೇಳಬೇಕಾಗಿದ್ದ ಪ್ರಶ್ನೆ, ತಿಂಗಳುಗಟ್ಟಲೆ ಯಾರೂ ಕೇಳದ ಪ್ರಶ್ನೆ, ಕೇಳಿದೆ. ಟ್ರ್ಯಾಕ್ಟರ್ ಬಂದರೆ ನಂಬರಿನ ಜಾಗದಲ್ಲಿ ಏನು ಒತ್ತುತ್ತೀರಿ?

"ನಂಬರ್ ಎಲ್ಲಿರತೈತ್ರಿ ಅವಕ್ಕ?"

ಕಿಟಕಿಯಿಂದ ನೋಡಿದೆ. ಸಾಲಿನಲ್ಲಿ ಆರು ಟ್ರ್ಯಾಕ್ಟರ್. ಒಂದಕ್ಕೂ ನಂಬರ್ ಇಲ್ಲ. ಹೊಸದಕ್ಕೆ ಕಾಗದ ಆಗಿಲ್ಲ, ಹಳೆಯದರ ಮೇಲೆ ಕೆಸರು, ಒಂದರ ಪ್ಲೇಟು ಮನೆಯ ಅಟ್ಟದ ಮೇಲೆ. ಆ ಸೀಮೆಯಲ್ಲಿ ಟ್ರ್ಯಾಕ್ಟರನ್ನು ಯಾರೂ ನಂಬರಿನಿಂದ ಗುರುತಿಸುತ್ತಿರಲಿಲ್ಲ. ಮನುಷ್ಯರನ್ನು ಗುರುತಿಸುವ ಹಾಗೆಯೇ ಅದನ್ನೂ ಗುರುತಿಸುತ್ತಿದ್ದರು: ಮೊದಲು ಊರು, ಆಮೇಲೆ ಮನೆತನ, ಕೊನೆಗೆ ಹೆಸರು. ಇವರು ಅದನ್ನೇ, ಒಂದು ಅಕ್ಷರ ಬಿಡದೆ, ನಂಬರಿನ ಜಾಗದಲ್ಲಿ ಟೈಪು ಮಾಡುತ್ತಿದ್ದರು. ಹತ್ತು ಬೆರಳಿದ್ದವರಿಗೆ ಅದೇನು ಕಷ್ಟ? ಮಸ್ಕಿಯಲ್ಲಿ, ಲಿಂಗಸುಗೂರಿನಲ್ಲಿ ಕೂತವರು ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಒತ್ತುವವರು. ಅವರು ಒಂದು, ಎರಡು, ಮೂರು ಎಂದು ಒತ್ತಿ ಕೈತೊಳೆದುಕೊಳ್ಳುತ್ತಿದ್ದರು. ತಪ್ಪು ಅಲ್ಲಿ ಬರದೇ ಇದ್ದದ್ದು ಅದಕ್ಕೆ. ಇಲ್ಲಿ ಬಂದದ್ದು, ಇವರು ಪೂರ್ತಿ ಬರೆಯುತ್ತಿದ್ದುದಕ್ಕೆ.

ನಾವು ಪರೀಕ್ಷೆಗೆ ಇಳಿದೆವು. ಇವರು ಕಿಟಕಿಯಿಂದ ತಲೆ ಹೊರಹಾಕಿ ಕೂಗಿದರು.

"ಹಿರೇಬೇವಿನಾಳದವ್ರು ಇಬ್ರು, ಮಾಲ್ ಇಳಿಸಿದವ್ರು, ಖಾಲಿ ಗಾಡಿ ತಂದು ಹತ್ತಸ್ರಿ. ಒಬ್ರು ಆದ ಮ್ಯಾಲೆ ಒಬ್ರು."

"ಈಗರ ಇಳದೀವಲ್ರಿ ಅಕ್ಕಾರ! ಮತ್ತ ಯಾಕ?"

"ಇಂಜಿನಿಯರ್ ಸಾಹೇಬ್ರಿಗಿ ಟ್ರ್ಯಾಕ್ಟರ್ ನೋಡಬೇಕಂತ."

"ನೋಡೇ ಇಲ್ಲೇನು ಪಾಪ? ಒಂದು ಸುತ್ತು ಹೊಡಸ್ಲೇನ್ರಿ ಸಾಹೇಬ್ರ?"

ನಗು ಎದ್ದಿತು. ಈ ಸಲ ಅದು ನನ್ನ ಮೇಲೆ. ಮೊದಲನೆಯ ಟ್ರ್ಯಾಕ್ಟರ್ ಖಾಲಿ ಮೂರು ಟನ್ನು ಆರುನೂರ ಹತ್ತು ಕಿಲೋ. ಎರಡನೆಯದು ಹಳೆಯದು, ಸಣ್ಣದು, ಮೂರು ಟನ್ನು ಇನ್ನೂರ ನಲವತ್ತು. ಎರಡೂ ಕಂಪ್ಯೂಟರಿಗೆ ಸೇರಿದವು. ಈಗ ಎರಡನೆಯವನ ಊರು, ಮನೆತನ, ಹೆಸರು ಒತ್ತಿ, ಇವನ ಖಾಲಿ ತೂಕ ಎಷ್ಟು ಎಂದು ಕಂಪ್ಯೂಟರನ್ನು ಕೇಳಿದೆವು. ಮೂರು ಸಾವಿರದ ಆರುನೂರ ಹತ್ತು ಎಂದಿತು. ಮೊದಲನೆಯವನದು! ಇನ್ನೊಂದು ಊರಿನ ಇಬ್ಬರಲ್ಲಿ ನೋಡಿದೆವು. ಅಲ್ಲೂ ಹಾಗೇ. ಊರಿನ ಮೊದಲ ಟ್ರ್ಯಾಕ್ಟರಿನ ಖಾಲಿ ತೂಕವನ್ನೇ ಕಂಪ್ಯೂಟರ್ ಇಡೀ ಊರಿಗೆ ಹಂಚುತ್ತಿತ್ತು. ಸಣ್ಣ ಟ್ರ್ಯಾಕ್ಟರಿನವನಿಗೆ ಭತ್ತ ಕಡಿಮೆ ಬರುತ್ತಿತ್ತು, ದೊಡ್ಡದರವನಿಗೆ ಹೆಚ್ಚು. ಹೆಚ್ಚು ಬಂದವರು ಸುಮ್ಮನಿದ್ದರು.

ಆ ಗಳಿಗೆಯಲ್ಲಿ ಅವರ ಮುಖದಲ್ಲಿ ಗೆಲುವು ಮೂಡಿತು ಎಂದು ಬರೆಯಬಾರದು. ಅವರು ಇನ್ನೊಂದು ಹಾಳೆ ತೆಗೆದು ಮೂರು ಭಾಗ ಮಾಡಿದರು, ಅಷ್ಟೆ.

ನಮ್ಮ ಕಂಪನಿಯಲ್ಲಿ ಪ್ರೋಗ್ರಾಂ ಬರೆದವರ ಜೊತೆ ಗಿರಾಕಿ ಮಾತಾಡುವ ಪದ್ಧತಿ ಇರಲಿಲ್ಲ. ನಡುವೆ ನಾನು, ನನ್ನ ಮೇಲೆ ಮ್ಯಾನೇಜರ್, ಅವರ ಮೇಲೆ ಇನ್ನೊಬ್ಬರು. ಒಬ್ಬೊಬ್ಬರ ಕೈಯಲ್ಲೂ ದೂರು ಸ್ವಲ್ಪ ಸವೆದು, ಕೊನೆಗೆ ಅರ್ಥಿಂಗ್ ಆಗುತ್ತಿತ್ತು. ಮ್ಯಾನೇಜರಿಗೆ ಹೇಳದೆ, ಪರಿಚಯದ ಗುಮಾಸ್ತನೊಬ್ಬನಿಂದ ಪ್ರೋಗ್ರಾಂ ಬರೆದವನ ಫೋನ್ ನಂಬರ್ ಇಸಿದುಕೊಂಡೆ. ಗಿರಣಿಯ ಎದುರಿನ ಫೋನ್ ಬೂತಿನ ಗಾಜಿನ ಗೂಡಿನಲ್ಲಿ ಇಬ್ಬರೂ ತುರುಕಿಕೊಂಡು ನಿಂತೆವು. ನಾನು ಶುರುಮಾಡಿದೆ, ತೊದಲಿದೆ. ಇವರು ಕೈಚಾಚಿ ಫೋನ್ ತೆಗೆದುಕೊಂಡರು. ನಮ್ಮ ಕಡೆಯ ಉರ್ದು ಬೆರೆತ ಹಿಂದಿಯಲ್ಲಿ ಮಾತು ನಡೆಯಿತು.

ನಂಬರ್ ಇಲ್ಲದ ಗಾಡಿ ರಸ್ತೆಯ ಮೇಲೆ ಹೇಗಿರಲು ಸಾಧ್ಯ ಎಂದು ಆತ ಕೇಳಿದ. ಇಲ್ಲಿ ಹೊರಗೆ ಆರು ನಿಂತಿವೆ, ಬೇಕಾದರೆ ಅವುಗಳ ಸದ್ದು ಕೇಳಿಸಲೇ ಎಂದು ಇವರು ಕೇಳಿದರು. ಆಮೇಲೆ ಆತ ಇನ್ನೇನೋ ಕೇಳಿದ. ಇವರು ಫೋನಿನ ಬಾಯಿಗೆ ಕೈ ಅಡ್ಡ ಇಟ್ಟು ನನ್ನ ಕಡೆ ತಿರುಗಿದರು.

"ಅದಕ್ಕಿಂತ ಮೊದಲ ಏನ್ ಮಾಡಿದ್ರಿ ಅಂತ ಕೇಳಾಕತ್ತಾರ್ರಿ ಇವ್ರು!"

ಅವರ ಮುಖ ಅರಳಿದ್ದನ್ನು ನಾನು ಕಂಡದ್ದು ಆಗ. ಹಾಳೆಗಳನ್ನು ಒಂದೊಂದಾಗಿ ಓದಿ ಹೇಳಿದರು. ಕೊನೆಗೆ ಆತನೇ ವಿವರಿಸಿದ. ಗಾಡಿ ನಂಬರ್ ಹತ್ತು ಅಕ್ಷರ ಮೀರುವುದಿಲ್ಲ ಎಂದುಕೊಂಡು, ಮೊದಲ ಹತ್ತು ಅಕ್ಷರ ಹೊಂದಿದರೆ ಅದೇ ಗಾಡಿ ಎಂದು ತಿಳಿಯುವ ಹಾಗೆ ಪ್ರೋಗ್ರಾಂ ಬರೆದಿದ್ದ. ಹಿರೇಬೇವಿನಾಳ ಎಂದು ಇಂಗ್ಲಿಷಿನಲ್ಲಿ ಬರೆದರೆ ಹನ್ನೊಂದು ಅಕ್ಷರ. ಹತ್ತರೊಳಗೆ ಊರೇ ಮುಗಿಯುತ್ತಿರಲಿಲ್ಲ, ಮನುಷ್ಯನ ಹೆಸರು ಎಲ್ಲಿಂದ ಬರಬೇಕು?

ಆತ 'ತಪ್ಪು ನನ್ನದು' ಎಂದ ಎಂಬುದು ನನ್ನ ನೆನಪು. ಬೀಳ್ಕೊಡುಗೆಯ ದಿನ ಹೊರಡುವಾಗ ಇವರು ಅದನ್ನೂ ತಿದ್ದಿದರು. ಆತ ಹಾಗೆ ಅನ್ನಲಿಲ್ಲವಂತೆ. 'ಬರೆದುಕೊಂಡೆ' ಎಂದನಂತೆ. "ನನಗ ಅಷ್ಟ ಸಾಕಾಗಿತ್ರಿ."

ನಾಲ್ಕೇ ದಿನದಲ್ಲಿ ತಿದ್ದಿದ ಪ್ರೋಗ್ರಾಮಿನ ಫ್ಲಾಪಿ ಬಂತು. ಜೊತೆಗೆ ಸಾಹುಕಾರರ ಹೆಸರಿಗೆ ಒಂದು ಪತ್ರ. ಮಾನ್ಯ ಗ್ರಾಹಕರ ಅನುಕೂಲಕ್ಕಾಗಿ ನಮ್ಮ ಪ್ರೋಗ್ರಾಮಿನ ಸುಧಾರಿತ ಆವೃತ್ತಿಯನ್ನು ಕಳಿಸಲು ಹರ್ಷಿಸುತ್ತೇವೆ, ಇನ್ನು ಮುಂದೆ ಉದ್ದನೆಯ ಗಾಡಿ ನಂಬರ್‌ಗಳನ್ನೂ ಬಳಸಬಹುದು. ನಾನು ಫ್ಲಾಪಿ ಹಾಕಿ ಪರೀಕ್ಷೆ ಮಾಡಿದೆ. ಊರು ಒಂದೇ ಆದರೂ ಟ್ರ್ಯಾಕ್ಟರುಗಳು ಬೇರೆ ಬೇರೆ ಉಳಿದವು. ಖುಷಿಯಿಂದ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿದೆ.

"ತಪ್ಪಿತ್ತು ಅಂತ ಎಲ್ಲೈತ್ರಿ ಇದರಾಗ?"

"ಹಂಗ ಬರಿಯಾಂಗಿಲ್ಲ ಅಕ್ಕಾರ, ಕಂಪನಿಯವ್ರು. ಸುಧಾರಣೆ ಅಂತ ಬರೀತಾರ."

"ಯಂತ್ರ ಸುಧಾರಿಸ್ತು. ನಾ?"

ಅಮಾವಾಸ್ಯೆಗೆ ಎರಡು ದಿನ. ಸಾಹುಕಾರರ ಕಪಾಟಿನಲ್ಲಿ ನನ್ನ ವರದಿ ಹಾಗೇ ಇತ್ತು. ಮುಂದೆ ತೂಕ ಸರಿ ಬಂದರೆ, ನೋಡಿ, ಹೆದರಿಸಿದ ಮೇಲೆಯೇ ಸರಿಯಾಗಿ ಕೆಲಸ ಮಾಡುತ್ತಾಳೆ ಎನ್ನುತ್ತಾರೆ ಜನ. ಮ್ಯಾನೇಜರಿಗೆ ಫೋನ್ ಮಾಡಿ, ತಪ್ಪು ನಮ್ಮದೆಂದು ಒಂದು ಸಾಲು ಬರೆದುಕೊಡಿ ಎಂದು ಕೇಳಿದೆ. ಬರೆದು ಕೊಟ್ಟರೆ ಎಲ್ಲ ಕಡೆಯವರೂ ಕೇಳುತ್ತಾರೆ, ನೀನು ಬಾಯಿಮುಚ್ಚಿಕೊಂಡು ಬಾ ಎಂದರು.

ನಾನು ಧೈರ್ಯವಂತನಲ್ಲ. ಅವತ್ತು ಧೈರ್ಯದಿಂದ ಬರೆದೆ ಎನ್ನುವುದಕ್ಕಿಂತ, ಅವರು ಮೇಜಿನಾಚೆ ಕೂತು ನೋಡುತ್ತಿದ್ದರು, ಬರೆಯದೆ ಎದ್ದುಹೋಗುವ ಬಗೆ ತಿಳಿಯಲಿಲ್ಲ ಎನ್ನುವುದು ಹತ್ತಿರದ ಮಾತು. ದೊಡ್ಡ ಹಾಳೆಯ ಮೇಲೆ ದಪ್ಪ ಅಕ್ಷರಗಳಲ್ಲಿ, ಕನ್ನಡದಲ್ಲಿ ಬರೆದೆ: "ಈ ಸುಗ್ಗಿಯಲ್ಲಿ ಒಂದೇ ಊರಿನ, ನಂಬರ್ ಇಲ್ಲದ ಟ್ರ್ಯಾಕ್ಟರುಗಳಿಗೆ ಎರಡನೆಯ ಸಲದಿಂದ ಚೀಟಿಯಲ್ಲಿ ಖಾಲಿ ತೂಕ ತಪ್ಪಾಗಿ ಬಂದಿದೆ. ತಪ್ಪು ಕಂಪನಿಯ ಪ್ರೋಗ್ರಾಮಿನದು. ಕಾಟಾದಲ್ಲಿ ಕೂತವರದಲ್ಲ. ಅವರದೆಂದು ನಾನು ಬರೆದದ್ದು ತಪ್ಪು." ಕೆಳಗೆ ಸಹಿ, ಕಂಪನಿಯ ಮುದ್ರೆ.

ಅವರು ಓದಿ, ಪೆನ್ನು ತಾವೇ ತೆಗೆದುಕೊಂಡು ಇನ್ನೊಂದು ಸಾಲು ಸೇರಿಸಿದರು. "ಹಳೆಯ ಚೀಟಿ ಮತ್ತು ಖಾಲಿ ಟ್ರ್ಯಾಕ್ಟರ್ ತಂದರೆ ಮತ್ತೆ ತೂಗಿ ಸರಿಯಾದ ಚೀಟಿ ಕೊಡಲಾಗುವುದು." ತುಂಬಿದ ತೂಕ ಎಲ್ಲ ಚೀಟಿಯಲ್ಲೂ ಸರಿಯಾಗಿಯೇ ಇತ್ತು. ಖಾಲಿ ಗಾಡಿಯೊಂದೇ ಮತ್ತೆ ಬರಬೇಕಾಗಿತ್ತು. ಸಾಹುಕಾರರು ಹಾಳೆಯನ್ನು ಎರಡು ಸಲ ಓದಿ, ಅಂಟು ತರಿಸಿ ಕಿಟಕಿಯ ಪಕ್ಕ ಅಂಟಿಸಿದರು. ಒಂದು ನಕಲನ್ನು ನಾನೇ ಮುಖ್ಯ ಕಚೇರಿಗೆ ಅಂಚೆಗೆ ಹಾಕಿ, ಕೆಲಸ ಹೋಗುತ್ತದೆಂದು ಕಾದೆ. ಬಹಳ ದಿನಗಳ ಮೇಲೆ ಉತ್ತರ ಬಂತು, ಆ ಪ್ರೋಗ್ರಾಂ ಬರೆದವನಿಂದ. ಅಚ್ಚಿನ ಹಾಳೆಯ ಜಾಗಕ್ಕೆ ಹೊಸ ದೂರಿನ ಫಾರಂ ಮಾಡಿದ್ದ. ಅದರಲ್ಲಿ ಮೂರು ಸಾಲುಗಳಿದ್ದವು. ಮ್ಯಾನೇಜರ್ ನನ್ನೊಡನೆ ಒಂದು ವರ್ಷ ನೆಟ್ಟಗೆ ಮಾತಾಡಲಿಲ್ಲ. ಆದರೂ ಆ ಫಾರಮ್ಮುಗಳನ್ನು ಮಸ್ಕಿಗೂ ಲಿಂಗಸುಗೂರಿಗೂ ಹಂಚಲು ನನ್ನನ್ನೇ ಕಳಿಸಿದರು.

ಅದು ಆಮೇಲಿನದು. ಅಮಾವಾಸ್ಯೆಯ ಹಿಂದಿನ ದಿನ ಏನಾಯಿತು ಎಂಬುದನ್ನು ನಾನು ಅಲ್ಲೇ ಇದ್ದು ಕಂಡಿದ್ದೇನೆ. ಬೆಳಿಗ್ಗೆ ಹತ್ತರ ತನಕ ಯಾರೂ ಬರಲಿಲ್ಲ. ಅವರು ಎರಡು ಸಲ ಪರದೆ ಒರೆಸಿದರು. ಆಮೇಲೆ ಹಾಳೆಯ ಸುದ್ದಿ ಕೇಳಿ ಹಿರೇಬೇವಿನಾಳದ ಮುದುಕ ತನ್ನ ಸಣ್ಣ ಟ್ರ್ಯಾಕ್ಟರನ್ನು ಖಾಲಿ ಟ್ರೇಲರ್ ಸಮೇತ ಮಗನ ಕೈಲಿ ಹೊಡೆಸಿಕೊಂಡು ಬಂದ. ಹಾಳೆಯನ್ನು ಮಗನಿಂದ ಓದಿಸಿಕೊಂಡ. ಹಳೆಯ ಚೀಟಿಯನ್ನು ಕಿಟಕಿಯೊಳಗೆ ಚಾಚಿದ. ಇವರು ತೂಗಿ ಹೊಸ ಚೀಟಿ ಕೊಟ್ಟರು. ಅವನ ಐದು ಚೀಲ ಅದರಲ್ಲಿ ಇದ್ದವು. ಮುದುಕ ಚೀಟಿ ಮಡಚಿ ಜೇಬಿಗಿಟ್ಟುಕೊಂಡ. ಕ್ಷಮೆ ಕೇಳುವ ಮಾತು ಅವನ ಬಾಯಿಗೆ ಒಗ್ಗುವಂಥದಲ್ಲ.

"ನಮ್ಮೂರಾಗ ಇನ್ನೂ ಐದಾರು ಟ್ರ್ಯಾಕ್ಟರ್ ಅದಾವ್ರಿ ಅಕ್ಕಾರ. ಹೋಗಿ ಕಳಿಸ್ಲೇನು?"

"ಕಳಿಸ್ರಿ ಯಜಮಾನ್ರ. ಚೀಟಿ ಮರೀಬ್ಯಾಡ್ರಿ ಅಂತ ಹೇಳ್ರಿ."

ಮಧ್ಯಾಹ್ನದ ಹೊತ್ತಿಗೆ ಹಿರೇಬೇವಿನಾಳದವು ಬಂದವು, ಬೇರೆ ಊರಿನವೂ ಬಂದವು. ಖಾಲಿ ಟ್ರೇಲರುಗಳು ರಸ್ತೆಯ ತಗ್ಗಿಗೆಲ್ಲ ಎಗರಿ ಸದ್ದು ಮಾಡುತ್ತಾ ಸಾಲು ನಿಂತವು. ಒಬ್ಬ ಹರೆಯದವನು ದೊಡ್ಡ ಹೊಸ ಟ್ರ್ಯಾಕ್ಟರ್ ತಂದಿದ್ದ. ಇವರು ಅವನ ಚೀಟಿ ನೋಡಿ ಹುಬ್ಬೇರಿಸಿದರು.

"ತಮ್ಮಾ, ನಿನಗ ಹೆಚ್ಚ ಬಂದೈತಿ. ತೂಗಿದ್ರ ಕಮ್ಮಿ ಆಕ್ಕತಿ, ಗೊತ್ತೈತಿಲ್ಲ?"

"ಗೊತ್ತೈತ್ರಿ. ನಮ್ಮವ್ವ ಕಳಿಸ್ಯಾಳ."

"ಹಂಗಾರ ಹತ್ತಿಸು."

ಹೊತ್ತು ಇಳಿಯುವಾಗ ಸಾಹುಕಾರರು ಗಿರಣಿಯಿಂದ ಹೊರಗೆ ಬಂದರು. ಸಾಲು ರಸ್ತೆಯ ತಿರುವಿನ ತನಕ ಇತ್ತು. ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡು, ಕಿಟಕಿಯ ಹತ್ತಿರ ಬಂದು, ಸಾಲನ್ನೇ ನೋಡುತ್ತಾ ಹೇಳಿದರು.

"ಇವತ್ತ ಮುಗಿಯಾಂಗ ಕಾಣಂಗಿಲ್ಲವ್ವ ಇದು. ನಾಳೆ ಜರಾ ಜಲ್ದಿ ಬಾ."

"ನಾಳೆ ಅಮಾಸಿ ಅಲ್ರಿ ಸಾಹುಕಾರ್ರ?"

"ಗೊತ್ತೈತಿ. ಅದಕ್ಕ ಹೇಳಾಕತ್ತೀನಿ, ಜಲ್ದಿ ಬಾ."

ಅವರ ಬೆರಳು ಒಂದು ಗಳಿಗೆ ಕೀಲಿಗಳ ಮೇಲೆ ನಿಂತವು. ನಂತರ ಮುಂದಿನವನ ಊರು, ಮನೆತನ, ಹೆಸರು ಪೂರ್ತಿಯಾಗಿ ಟೈಪು ಮಾಡಿ ಮುಗಿಸಿ, ಕಿಟಕಿಯ ಕಡೆ ನೋಡದೆಯೇ ಹೇಳಿದರು.

"ಮೊದಲ್ನೇ ಬಸ್ಸಿಗೆ ಬರ್ತೀನ್ರಿ."